ಏಳು ಗಂಟೆಯಿಂದ ಹಿಂದಕ್ಕೆ: ಮೈಸೂರು ಪೇಟೆಯಲ್ಲಿ ಒಂದು ಭಾನುವಾರದ ಸಂಜೆ

ಮೈಸೂರಿಗೆ ಹೊರಟವರ ಕೈಯಲ್ಲಿ ಯಾವಾಗಲೂ ಉದ್ದನೆಯ ಪಟ್ಟಿ ಇರುತ್ತದೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಅಲ್ಲಿಂದ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆ ಬೃಂದಾವನ. ರಾತ್ರಿ ಮನೆ ಸೇರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ, ದೊಡ್ಡವರಿಗೆ ಸೊಂಟನೋವು. ಬೆಟ್ಟವನ್ನೂ ಬೃಂದಾವನವನ್ನೂ ಇನ್ನೊಂದು ದಿನಕ್ಕೆ ಬಿಟ್ಟು, ಪೇಟೆಯ ನಡುವೆಯೇ ಅರ್ಧ ದಿನ ಕಳೆಯುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಕೆ.ಆರ್. ವೃತ್ತದ ಆಸುಪಾಸಿನಲ್ಲಿ ನೋಡಬೇಕಾದದ್ದೆಲ್ಲ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ದಿನವನ್ನು ಆರಿಸಿಕೊಳ್ಳಿ

ಭಾನುವಾರ ಅಥವಾ ಸಾರ್ವಜನಿಕ ರಜೆಯ ದಿನವೇ ಆಗಬೇಕು. ಅರಮನೆಯ ದೀಪಾಲಂಕಾರ ಪೂರ್ತಿಯಾಗಿ ಸಿಗುವುದು ಅಂದೇ, ಸಂಜೆ 7ಕ್ಕೆ. ಉಳಿದ ದಿನಗಳಲ್ಲಿ ಧ್ವನಿ-ಬೆಳಕು ಕಾರ್ಯಕ್ರಮದ ಕೊನೆಗೆ ಸ್ವಲ್ಪ ಹೊತ್ತು ಬೆಳಗುತ್ತದೆ, ಅಷ್ಟೆ. ದಸರೆಯಲ್ಲಿ ದಿನವೂ ದೀಪ ಇರುತ್ತದೆ, ನಿಜ. ಆದರೆ ಆಗ ರಸ್ತೆಗಳೇ ಜನರಿಂದ ತುಂಬಿ, ಸಂಚಾರದ ದಾರಿಗಳೂ ಬದಲಾಗಿರುತ್ತವೆ. ಮೊದಲ ಸಲ ಬರುವವರಿಗೆ ಸಾಧಾರಣ ಭಾನುವಾರವೇ ಮೇಲು.

ಹಿಂದಿನಿಂದ ಲೆಕ್ಕ ಹಾಕಿ

ನಾವು ಸಾಮಾನ್ಯವಾಗಿ ಹೊರಡುವ ಹೊತ್ತಿನಿಂದ ಯೋಚಿಸುತ್ತೇವೆ. ಇಲ್ಲಿ ಮುಗಿಯುವ ಹೊತ್ತಿನಿಂದ ಯೋಚಿಸಬೇಕು. 7ಕ್ಕೆ ದೀಪ ಎಂದರೆ 6.30ಕ್ಕೆ ಅರಮನೆಯ ಅಂಗಳದಲ್ಲಿರಬೇಕು. ಹಾಗಾದರೆ ತಿಂಡಿ 5.30ರ ಹೊತ್ತಿಗೆ ಆಗಬೇಕು. ಅದಕ್ಕೂ ಮುಂಚೆ ಒಂದು ಗಂಟೆ ದೇವರಾಜ ಮಾರುಕಟ್ಟೆ. ಅದಕ್ಕೂ ಮುಂಚೆ, ಬಿಸಿಲು ಜೋರಿರುವಾಗ, ನೆರಳಿನಲ್ಲಿ ನೋಡಬಹುದಾದ ಒಂದು ಜಾಗ. ನಡುವೆ ಇನ್ನೂ ಏನನ್ನಾದರೂ ತುರುಕಬೇಕು ಎನ್ನಿಸಿದರೆ ತಡೆದುಕೊಳ್ಳಿ.

ಅರಮನೆಯ ಒಳಗನ್ನೂ ನೋಡಲೇಬೇಕು ಎನ್ನುವವರು ಬೆಳಿಗ್ಗೆ 10ಕ್ಕೆ, ಬಾಗಿಲು ತೆರೆಯುವಾಗಲೇ ಹೋಗುವುದು ಒಳ್ಳೆಯದು. ಕಟ್ಟಡದ ಮುಂಭಾಗ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಫೋಟೊ ತೆಗೆಯುವವರಿಗೆ ಇದು ಮುಖ್ಯ, ಸಂಜೆಗೆ ಸೂರ್ಯ ಗೋಪುರಗಳ ಹಿಂದೆ ಹೋಗಿಬಿಡುತ್ತಾನೆ. ಪಾದರಕ್ಷೆ ಹೊರಗೇ ಬಿಡಬೇಕಾದ್ದರಿಂದ ಲೇಸು ಕಟ್ಟುವ ಬೂಟಿಗಿಂತ ಚಪ್ಪಲಿ ಅನುಕೂಲ.

ಬಿಸಿಲಿಗೆ ಜಗನ್ಮೋಹನ

ಮಧ್ಯಾಹ್ನದ ಊಟವಾದ ಮೇಲೆ ಜಗನ್ಮೋಹನ ಅರಮನೆಗೆ ಹೋಗಿ. ದೊಡ್ಡ ಅರಮನೆಯಿಂದ ಪಶ್ಚಿಮಕ್ಕೆ ಕೆಲವೇ ನಿಮಿಷಗಳ ನಡಿಗೆ. ಇದನ್ನು ಕಟ್ಟಿದ್ದು 1861ರಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯೊಂದರ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯುವ ತನಕ ರಾಜಮನೆತನ ಇದ್ದದ್ದು ಇಲ್ಲಿಯೇ. ಈಗ ಇದು ಚಿತ್ರಶಾಲೆ.

ಎಲ್ಲ ಕೋಣೆಗಳನ್ನೂ ನೋಡಿ ದಣಿಯಬೇಡಿ. ರವಿವರ್ಮನ ಚಿತ್ರಗಳು ಮತ್ತು ದೀಪ ಹಿಡಿದ ಹೆಂಗಸಿನ ಚಿತ್ರ, ಇಷ್ಟಕ್ಕೆ ಹೆಚ್ಚು ಹೊತ್ತು ಕೊಡಿ. ದೀಪದ ಚಿತ್ರವೂ ರವಿವರ್ಮನದೇ ಎಂದು ಪಕ್ಕದಲ್ಲಿ ನಿಂತವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಎಸ್.ಎಲ್. ಹಲ್ದಣಕರ್ ಅವರದು, ಅದೂ ಜಲವರ್ಣದಲ್ಲಿ. ಬೆರಳುಗಳ ಸಂದಿನಿಂದ ಬೆಳಕು ಕೆಂಪಾಗಿ ಸೋರುವ ಕಡೆಯನ್ನೇ ನೋಡಿ. ನೀರಿನ ಬಣ್ಣದಲ್ಲಿ ತಿದ್ದಿ ಬರೆಯುವ ಅವಕಾಶ ಕಡಿಮೆ ಎಂಬುದು ಗೊತ್ತಿದ್ದವರು ಅಲ್ಲಿಂದ ಬೇಗ ಕದಲುವುದಿಲ್ಲ. ಚಿತ್ರಶಾಲೆ ತೆರೆದಿದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ನಾಲ್ಕೂವರೆಗೆ ಮಾರುಕಟ್ಟೆ

ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕರೆ ದಿಕ್ಕು ತಪ್ಪುವುದಿಲ್ಲ. ಬಿಸಿಲು ಇಳಿದಿರುತ್ತದೆ, ವ್ಯಾಪಾರ ಏರಿರುತ್ತದೆ. ನನ್ನ ಮಟ್ಟಿಗೆ ಇಡೀ ದಿನದ ತಿರುಳು ಇದೇ. ಶತಮಾನ ದಾಟಿದ ಕಟ್ಟಡ, ಧನ್ವಂತರಿ ರಸ್ತೆಯ ಕಡೆಯ ಒಂದು ಭಾಗ 2016ರಲ್ಲಿ ಕುಸಿದಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಆ ವಾದ ಏನೇ ಇರಲಿ, ಒಳಗೆ ಬಾಳೆಹಣ್ಣಿನ ಸಾಲು, ವೀಳ್ಯದೆಲೆಯ ಸಾಲು, ಹೂವಿನ ಸಾಲು ತಮ್ಮ ತಮ್ಮ ಜಾಗ ಬಿಟ್ಟು ಕದಲಿಲ್ಲ.

ಕುಂಕುಮದಂಗಡಿಯ ಮುಂದೆ ಸ್ವಲ್ಪ ನಿಲ್ಲಿ. ತಟ್ಟೆಗಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಪುಡಿಗಳನ್ನು ಚೂಪಾದ ಗುಡ್ಡೆಗಳಾಗಿ ಒಟ್ಟಿರುತ್ತಾರೆ. ಗಿರಾಕಿಗೆ ಅಳೆದು ಕೊಟ್ಟ ಮೇಲೆ ಅಂಗಡಿಯವರು ಮುರಿದ ಬದಿಯನ್ನು ಸವರಿ ಗುಡ್ಡೆಯ ತುದಿಯನ್ನು ಮತ್ತೆ ಚೂಪು ಮಾಡುತ್ತಾರೆ. ಪಕ್ಕದ ಸುಗಂಧದೆಣ್ಣೆಯವರು ಕರೆದು ಮುಂಗೈಗೆ ಒಂದು ತೊಟ್ಟು ಹಚ್ಚುತ್ತಾರೆ. ಹಚ್ಚಿಸಿಕೊಂಡ ಮಾತ್ರಕ್ಕೆ ಕೊಳ್ಳಬೇಕೆಂದೇನೂ ಇಲ್ಲ, ದಾಕ್ಷಿಣ್ಯ ಬೇಡ. ಎಣ್ಣೆ, ಗಂಧದ ವಸ್ತುಗಳಲ್ಲಿ ಚೌಕಾಸಿ ಮಾಡಿ. ಸೊಪ್ಪು, ಹೂವಿನವರ ಹತ್ತಿರ ಎರಡು ರೂಪಾಯಿಗೆ ಜಗ್ಗಾಡುವುದು ಚೆನ್ನಾಗಿರುವುದಿಲ್ಲ. ಮಲ್ಲಿಗೆ ಬೇಕಿದ್ದರೆ ಹೊರಡುವಾಗ ಮೊಳ ಹಾಕಿಸಿಕೊಳ್ಳಿ. ನಂಜನಗೂಡು ರಸಬಾಳೆ ಕಂಡರೆ ಬಿಡಬೇಡಿ, ಆದರೆ ಅದನ್ನು ಚೀಲದ ತಳಕ್ಕೆ ಹಾಕಬೇಡಿ. ನೆಲ ಅಲ್ಲಲ್ಲಿ ಒದ್ದೆ ಇರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

ತಿಂಡಿ ಮೊದಲು, ದೀಪ ಆಮೇಲೆ

ದೀಪ ಆರಿದ ಮೇಲೆ ಊಟ ಎಂದುಕೊಂಡರೆ ಕೆಟ್ಟಿರಿ. ಅಂಗಳದಲ್ಲಿದ್ದ ಜನರೆಲ್ಲ ಒಮ್ಮೆಲೇ ಹೊರಬಂದು ಒಂದೇ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತಾರೆ. ಆದ್ದರಿಂದ ಹಸಿವನ್ನು ಮುಂಚೆಯೇ ತೀರಿಸಿಕೊಳ್ಳಿ. ನಜರ್‌ಬಾದಿನ ಮೈಲಾರಿ ದೋಸೆ ಬೇಕೆನ್ನುವವರು ಆಟೊ ಹಿಡಿಯಬೇಕು. ಅಲ್ಲಿ ಯಾವ ಮೈಲಾರಿ ಹಳೆಯದು ಎಂದು ಸ್ಥಳೀಯರನ್ನು ಕೇಳಬೇಡಿ, ದೋಸೆ ತಣ್ಣಗಾಗುತ್ತದೆ. ಪೇಟೆಯಲ್ಲೇ ಉಳಿಯುವವರಿಗೆ ಚುರುಮುರಿ ಸಾಕು. ಮೈಸೂರು ಪಾಕನ್ನು ಮೊದಲು ಮಾಡಿದ್ದು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಎನ್ನುತ್ತಾರೆ. ಅವರ ವಂಶದವರದೇ ಎನ್ನುವ ಗುರು ಸ್ವೀಟ್ಸ್ ಸಯ್ಯಾಜಿರಾವ್ ರಸ್ತೆಯಲ್ಲೇ ಇದೆ, ಮಾರುಕಟ್ಟೆಯಿಂದ ಬರುವಾಗಲೇ ಕಟ್ಟಿಸಿಕೊಳ್ಳಬಹುದು.

ದಾರಿಯಲ್ಲಿ ಪುರಭವನದ ಬಳಿಯ ದೊಡ್ಡ ಗಡಿಯಾರವನ್ನು ತಲೆಯೆತ್ತಿ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು, ಮುಖದ ಮೇಲೆ ಕನ್ನಡ ಅಂಕಿಗಳಿವೆ. ಕನ್ನಡ ಅಂಕಿ ಮರೆತ ಮಕ್ಕಳಿಗೆ ಹೊತ್ತು ಓದುವ ಪರೀಕ್ಷೆ ಇಡಬಹುದು.

ಅಂಗಳದಲ್ಲಿ

ದೀಪಾಲಂಕಾರ ನೋಡಲು ಟಿಕೆಟ್ ಇಲ್ಲ. ಒಳಗೆ ಹೋಗುವ ಮುನ್ನ, ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ನಿಶ್ಚಯಿಸಿಕೊಳ್ಳಿ. ಉತ್ತರ ದ್ವಾರದ ಕೋಟೆ ಆಂಜನೇಯ ಗುಡಿ ಎಂದರೆ ಎಲ್ಲರಿಗೂ ಗೊತ್ತು. ಆ ಗದ್ದಲದಲ್ಲಿ ಮೊಬೈಲ್ ಕರೆ ಕೇಳಿಸುತ್ತದೆ ಎಂಬ ಭರವಸೆ ಬೇಡ. ಎಲ್ಲರೂ ಕಟ್ಟಡದ ಹತ್ತಿರಕ್ಕೆ ನುಗ್ಗುತ್ತಾರೆ. ನೀವು ಹಿಂದೆ ಸರಿದು, ಎರಡೂ ತುದಿಯ ಗೋಪುರಗಳು ಒಟ್ಟಿಗೆ ಕಣ್ಣಿಗೆ ಸಿಗುವಷ್ಟು ದೂರದಲ್ಲಿ ನಿಲ್ಲಿ. ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು ಒಂದೇ ಸಲ ಹೊತ್ತಿಕೊಳ್ಳುವ ಆ ಕ್ಷಣ ಮೊಬೈಲಿನ ಪರದೆಯಲ್ಲಿ ಹೇಗೂ ಸರಿಯಾಗಿ ಮೂಡುವುದಿಲ್ಲ. ಮೊದಲು ಕಣ್ಣಲ್ಲಿ ನೋಡಿ, ಚಿತ್ರಕ್ಕೆ ಆಮೇಲೂ ಸಮಯ ಇರುತ್ತದೆ.

ವಾಪಸು

ದೀಪ ಆರುವುದಕ್ಕೆ ಹತ್ತು ನಿಮಿಷ ಮುಂಚೆ ಹೊರಬಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ದ್ವಾರದ ಎದುರೇ ನಿಂತ ಆಟೊಗಳು ಬಾಯಿಗೆ ಬಂದ ಬಾಡಿಗೆ ಹೇಳಿದರೆ ಒಂದೆರಡು ರಸ್ತೆ ದಾಟಿ ನಡೆದು ಕೇಳಿ. ನಗರ ಬಸ್ ನಿಲ್ದಾಣ ಕೆ.ಆರ್. ವೃತ್ತದ ಪಕ್ಕದಲ್ಲೇ ಇದೆ. ರೈಲಿನಲ್ಲಿ ಹಿಂದಿರುಗುವ ಬೆಂಗಳೂರಿನವರು ಟಿಕೆಟನ್ನು ಬೆಳಿಗ್ಗೆಯೇ ನೋಡಿಕೊಂಡಿರಲಿ, ಭಾನುವಾರ ರಾತ್ರಿ ಆ ದಾರಿಯ ರೈಲುಗಳಲ್ಲಿ ನಿಲ್ಲಲೂ ಜಾಗ ಕಷ್ಟ.