ಫ್ಲೈವೀಲ್ ತೂಕಕ್ಕೆ ಕೈ ಹಾಕಬೇಡಿ

ಕೀ ತಿರುಗಿಸಿದರೆ ಒಮ್ಮೊಮ್ಮೆ ಕರ್ರ್ ಅನ್ನೋ ಸದ್ದು, ಎಂಜಿನ್ ಮಾತ್ರ ತಿರುಗಲ್ಲ. ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ಅಲುಗಾಡಿಸಿದರೆ ಆಮೇಲೆ ಸ್ಟಾರ್ಟ್ ಆಗುತ್ತದೆ. ದಾವಣಗೆರೆಯ ನನ್ನ ಗ್ಯಾರೇಜಿಗೆ ಚಿತ್ರದುರ್ಗದ ಹುಡುಗನೊಬ್ಬ ಹಳೇ ಪೆಟ್ರೋಲ್ ಕಾರು ತಂದು ಹೀಗೆ ಹೇಳಿದಾಗ, ಸೆಲ್ಫ್ ಮೋಟರಿಗಿಂತ ಮೊದಲು ರಿಂಗ್ ಗೇರ್ ಮೇಲೆ ಅನುಮಾನ ಬಂತು.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ತುದಿಯಲ್ಲಿರುವ ಭಾರದ ಚಕ್ರವೇ ಫ್ಲೈವೀಲ್. ಅದರ ಅಂಚಿಗೆ ಕೂರಿಸಿರುವ ಹಲ್ಲಿನ ಬಳೆಯೇ ರಿಂಗ್ ಗೇರ್. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಸಿಲಿಂಡರಿನಲ್ಲಿ ಗಾಳಿ ಒತ್ತುವಾಗಿನ ತಡೆ, ಅಂದರೆ ಕಂಪ್ರೆಶನ್, ಅದನ್ನು ಹಿಡಿದು, ಸಾಮಾನ್ಯವಾಗಿ ಎದುರುಬದುರಿನ ಎರಡು ಜಾಗದಲ್ಲೇ ನಿಲ್ಲಿಸುತ್ತದೆ. ಸೆಲ್ಫಿನ ಪಿನಿಯನ್, ಅಂದರೆ ಅದರ ಸಣ್ಣ ಹಲ್ಲಿನ ಚಕ್ರ, ಅದೇ ಹಲ್ಲುಗಳಿಗೆ ಮತ್ತೆ ಮತ್ತೆ ಹೊಡೆಯುತ್ತದೆ. ಗೇರ್‌ಬಾಕ್ಸ್ ಇಳಿಸಿ ನೋಡಿದೆ. ಎರಡು ಕಡೆ ಹಲ್ಲು ಸವೆದಿತ್ತು, ಉಳಿದದ್ದು ಗಟ್ಟಿಯಾಗೇ ಇತ್ತು.

ಬಿಚ್ಚಿದ ಫ್ಲೈವೀಲ್ ಎತ್ತಿ ನೋಡಿದ ಹುಡುಗ, "ಅಣ್ಣಾ, ಎಷ್ಟು ಭಾರ! ಲೇತಲ್ಲಿ ತೆಳ್ಳಗೆ ಮಾಡಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತಲ್ಲ?" ಅಂದ.

ಪೂರ್ತಿ ಸುಳ್ಳಲ್ಲ. ಹಗುರವಾದರೆ ಎಂಜಿನ್ ವೇಗ ಬೇಗ ಏರುತ್ತದೆ, ರೇಸಿನವರು ಮಾಡಿಸುತ್ತಾರೆ. ಆದರೆ ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಒಂದು ಸಿಲಿಂಡರಿನಲ್ಲಿ ಉರಿಯುವುದು ಒಂದೇ ಸಲ. ನಾಲ್ಕು ಸೇರಿದರೂ ಅರ್ಧ ಸುತ್ತಿಗೊಂದು ತಳ್ಳು ಅಷ್ಟೇ. ಆ ತಳ್ಳಿನ ಜೋರು ಇಳಿದ ಮೇಲೆ ಮುಂದಿನ ಪಿಸ್ಟನ್ ಗಾಳಿ ಒತ್ತಬೇಕಲ್ಲ, ಅದಕ್ಕೆ ಶಕ್ತಿ ಕೊಡುವುದು ಫ್ಲೈವೀಲ್. ಕುಂಬಾರರ ತಿಗರಿ ಕೋಲು ತೆಗೆದ ಮೇಲೂ ತಿರುಗುತ್ತದಲ್ವಾ, ಹಾಗೆ. ತೂಕ ಅಂಚಿನಲ್ಲಿರುವುದೂ ಸುಮ್ನೆ ಅಲ್ಲ. ಅಷ್ಟೇ ತೂಕ ನಡುವಿನಿಂದ 2 ಪಟ್ಟು ದೂರ ಇದ್ದರೆ, ಅದೇ ಸುತ್ತಿನ ವೇಗದಲ್ಲಿ 4 ಪಟ್ಟು ಶಕ್ತಿ ಹಿಡಿಯುತ್ತದೆ. ಐಡ್ಲಿಂಗಿನಲ್ಲಿ ವೇಗವೇ ಕಡಿಮೆ. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದರ ಮೇಲೆ ತೂಕವನ್ನೂ ಕೆತ್ತಿಸಿದರೆ ಗಾಡಿ ನಡುಗುತ್ತದೆ, ಏರಿನಲ್ಲಿ ಕ್ಲಚ್ ಬಿಡುವಾಗ ಆಫ್ ಆಗುತ್ತದೆ. ಬೀಡು ಕಬ್ಬಿಣದ ಚಕ್ರವನ್ನು ಮನಸ್ಸಿಗೆ ಬಂದಷ್ಟು ತೆಳ್ಳಗೆ ಮಾಡಿದರೆ ಜೋರು ವೇಗದಲ್ಲಿ ಒಡೆಯಲೂಬಹುದು. ಅದಿರುವುದು ಡ್ರೈವರ್ ಕಾಲಿನ ಹತ್ತಿರ! ದಿನಾ ಓಡಿಸುವ ಗಾಡಿಗೆ ಈ ಶೋಕಿ ಬೇಡ ಅಂದೆ.

ಕ್ಲಚ್ ಪ್ಲೇಟ್ ಒತ್ತುವ ಮುಖದಲ್ಲಿ ಬಿಸಿಗೆ ನೀಲಿ ಕಲೆ ಬಿದ್ದಿತ್ತು. ನಮ್ಮ ಲೇತಿನವರ ಹತ್ತಿರ ಇರುವುದು ಹರಿಹರದಲ್ಲೇ ತಯಾರಾದ ಹಳೇ ಕಿರ್ಲೋಸ್ಕರ್ ಲೇತು. ಅದರಲ್ಲಿ ಕಲೆ ಹೋಗುವಷ್ಟು ಮಾತ್ರ ಫೇಸಿಂಗ್, ಅಂದರೆ ಮುಖ ಕೆತ್ತಿ ಸಮ ಮಾಡಿಸಿದೆ. ಹಳೇ ರಿಂಗನ್ನು ಹಲ್ಲಿನ ಸಂದಿಯಲ್ಲಿ ಡ್ರಿಲ್ ಹಾಕಿ, ಉಳಿಯಿಂದ ಸೀಳಿ ತೆಗೆದೆ. ಹೊಸದನ್ನು ಸುತ್ತಲೂ ಸಮನಾಗಿ ಕಾಯಿಸಿದರೆ ಹಿಗ್ಗಿ ತಾನೇ ಕೂರುತ್ತದೆ, ಆರಿದ ಮೇಲೆ ಬಿಗಿ ಹಿಡಿಯುತ್ತದೆ. ಕೆಂಪಗಾಗುವಷ್ಟು ಕಾಯಿಸಿದರೆ ಹಲ್ಲಿನ ಗಡಸುತನ ಹೋಯ್ತು. ಹಲ್ಲಿನ ಇಳಿಜಾರು ಮಾಡಿದ ಬದಿ ಪಿನಿಯನ್ ಬರುವ ಕಡೆಗೇ ಇರಬೇಕು.

ಹೇಗೂ ಬಿಚ್ಚಿದ್ದೇನಲ್ಲ ಅಂತ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೂ ಬದಲಾಯಿಸಿದೆ. ಬೋಲ್ಟ್‌ಗಳು ಹೊಸವು, ಎದುರುಬದುರಾಗಿ, ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ.

ಈಗಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ಎರಡು ಚಕ್ರದ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಬರುತ್ತದೆ. ಅದನ್ನು ನಾನು ಲೇತಿಗೆ ಕಳಿಸುವುದಿಲ್ಲ. ಕೈಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತೇನೆ. ಕಂಪನಿ ಹೇಳಿದ್ದಕ್ಕಿಂತ ಸಡಿಲ ಜಾಸ್ತಿ ಇದ್ದರೆ ಹೊಸದೇ ಹಾಕಬೇಕು, ರೇಟು ಕೇಳಿ ಗಿರಾಕಿ ಮುಖ ಸಣ್ಣದಾದರೂ ಸರಿ.