ಹೆಸರು ಹೇಳದೆ ಪಾತ್ರ ಗುರುತು ಹಿಡಿಯುವ ಆಟ

ತೀರ್ಥಹಳ್ಳಿಯಲ್ಲಿ ನಮ್ಮ ಓದುವ ಬಳಗ ಕೂರುವುದು ತಿಂಗಳಿಗೆ ಎರಡು ಭಾನುವಾರ, ಮಧ್ಯಾಹ್ನ 3.30ರಿಂದ 5.30. ನಿಮಗೆ ಇಷ್ಟವಾದ ಪಾತ್ರ ಯಾವುದು, ಯಾಕೆ ಎಂದು ಕೇಳಿದರೆ ಬರುತ್ತಿದ್ದ ಉತ್ತರಗಳೆಲ್ಲ ಒಂದೇ ಅಚ್ಚಿನವು: ಮುಗ್ಧ, ಸ್ವಾಭಿಮಾನಿ, ಮಾನವೀಯ. ಈ ಮೂರು ಮಾತನ್ನು ಕನ್ನಡದ ಯಾವ ಕಾದಂಬರಿಯ ಯಾರಿಗೆ ಬೇಕಾದರೂ ತೊಡಿಸಬಹುದು. ಹಾಗಾಗಿ ಪ್ರಶ್ನೆ ಬಿಟ್ಟು ಆಟ ಹಿಡಿದೆವು. ಒಬ್ಬರು ಪಾತ್ರದ ಹೆಸರು ಹೇಳದೆ ಸುಳಿವು ಕೊಡಬೇಕು, ಉಳಿದವರು ಹಿಡಿಯಬೇಕು. ಪಾತ್ರ ಮನಸ್ಸಿನಲ್ಲಿ ಯಾವ ಕೊಕ್ಕೆಗೆ ಸಿಕ್ಕಿಕೊಂಡು ಉಳಿದಿದೆ ಎಂಬುದು ಇದರಲ್ಲಿ ತಾನಾಗಿ ಹೊರಬೀಳುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಎ-ಫೋರ್ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚೀಟಿ. ಬರೆಯುವುದು ಪೆನ್ಸಿಲ್‌ನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಾಗದವೇ ನೀರು ಕುಡಿದ ಹಾಗಿರುತ್ತದೆ, ಶಾಯಿ ಹರಡುತ್ತದೆ. ಬರೆದ ಚೀಟಿಗಳನ್ನು ಮುಚ್ಚಳ ಬಿಗಿಯಾದ ಬಿಸ್ಕತ್ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೂಷ್ಟು. ಜನ 9ರಿಂದ 12 ಇದ್ದರೆ ಸರಿ. ಒಬ್ಬೊಬ್ಬರಿಗೆ 8 ನಿಮಿಷ, ಅದರಲ್ಲಿ ಸುಳಿವಿಗೆ 4, ಚರ್ಚೆಗೆ 4. ಹದಿನಾಲ್ಕು ಜನ ಸೇರಿದರೆ ಕೊನೆಯ ಇಬ್ಬರ ಸರದಿ ಬರುವ ಹೊತ್ತಿಗೆ ಎಲ್ಲರ ಕಣ್ಣು ಕಾಫಿ ಲೋಟದ ಮೇಲಿರುತ್ತದೆ.

ಚೀಟಿಯಲ್ಲಿ ಐದೇ ಸಾಲು. ಮೊದಲನೆಯದು, ಆ ಪಾತ್ರ ಕೈಯಾರೆ ಮಾಡುವ ಒಂದು ಕೆಲಸ. ಎರಡನೆಯದು, ಜೊತೆಗಿರುವ ಒಂದು ವಸ್ತು ಅಥವಾ ಪ್ರಾಣಿ. ಮೂರನೆಯದು, ಏನು ಬೇಕಾಗಿದೆ ಮತ್ತು ಅದಕ್ಕೆ ಏನು ಅಡ್ಡ. ನಾಲ್ಕನೆಯದು, ಬೆನ್ನ ಹಿಂದೆ ಊರವರು ಆಡುವ ಮಾತು. ಐದನೆಯದು, ಆ ಪಾತ್ರ ಮಾತಾಡುವ ರೀತಿ. ಹೆಸರು, ಊರು, ಜಾತಿ, ಯಾರ ಮಗ ಯಾರ ಹೆಂಡತಿ, ಇವು ನಿಷಿದ್ಧ. ಗುಣವಾಚಕವೂ ನಿಷಿದ್ಧ. ಎಲ್ಲರಿಗೂ ತಕರಾರು ಇರುವುದು ಈ ಕೊನೆಯ ನಿಯಮದ ಮೇಲೆ. ಆದರೆ ಅದೊಂದನ್ನು ಸಡಿಲ ಬಿಟ್ಟರೆ ಆಟ ಮತ್ತೆ ಹಳೆ ಭಾಷಣಕ್ಕೆ ಜಾರುತ್ತದೆ. ಎಷ್ಟನೇ ಸಾಲಿಗೆ ಗುರುತು ಸಿಕ್ಕಿತು ಎಂದು ಚೀಟಿಯ ಮೂಲೆಯಲ್ಲಿ ಬರೆದಿಡಬೇಕು. ಬೆನ್ನಿಗೆ ಅಧ್ಯಾಯದ ಸಂಖ್ಯೆ ಇರಲಿ. ಪುಟಸಂಖ್ಯೆ ಬೇಡ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮುದ್ರಣ ಇರುವುದರಿಂದ ಅದು ಜಗಳಕ್ಕೇ ದಾರಿ.

ಗುಣವಾಚಕ ಯಾಕೆ ಬೇಡ ಎಂಬುದಕ್ಕೆ ಪ್ರಾಣೇಶಾಚಾರ್ಯರಿಗಿಂತ ಒಳ್ಳೆ ಉದಾಹರಣೆ ಇಲ್ಲ. ‘ಸಂಸ್ಕಾರ’ 1965ರ ಕಾದಂಬರಿ, ಬರೆದವರು ನಮ್ಮ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ, ನಮ್ಮಲ್ಲಿ ಓದದವರು ಕಡಿಮೆ. ಆದರೂ ‘ದೊಡ್ಡ ಪಂಡಿತ, ಧರ್ಮಸಂಕಟದಲ್ಲಿ ಸಿಕ್ಕಿಕೊಂಡವನು’ ಎಂದರೆ ಧರ್ಮರಾಯನಿಂದ ಹಿಡಿದು ಹತ್ತು ಹೆಸರು ಬರುತ್ತವೆ. ಅದನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ‘ದಿನಾ ಬೆಳಗ್ಗೆ ಹಾಸಿಗೆ ಹಿಡಿದ ಹೆಂಡತಿಗೆ ತಾನೇ ಸ್ನಾನ ಮಾಡಿಸುತ್ತಾನೆ.’ ಸಾಲು ಮುಗಿಯುವ ಮೊದಲೇ ಹೆಸರು ಬಂದಿರುತ್ತದೆ. ಕಾದಂಬರಿ ಶುರುವಾಗುವುದೇ ಆ ಸ್ನಾನದಿಂದ. ಪಾಂಡಿತ್ಯದ ಸುದ್ದಿ, ಕಾಶಿಯ ಸುದ್ದಿ ಎಲ್ಲ ಆಮೇಲೆ. ಆ ಕೈಗಳು ಸೋತ ಮೈಯನ್ನು ತೊಳೆಯುವುದನ್ನು ಮೊದಲು ನೋಡಿರುವುದರಿಂದಲೇ, ಮುಂದೆ ಅದೇ ಮನುಷ್ಯ ಕಾಡಿನ ಕತ್ತಲಲ್ಲಿ, ಇನ್ನೊಬ್ಬ ಇಟ್ಟುಕೊಂಡಿದ್ದ ಚಂದ್ರಿಯನ್ನು ಮುಟ್ಟಿದಾಗ ಓದುಗನಿಗೆ ಷಾಕ್ ಹೊಡೆಯುವುದು. ಮುಟ್ಟುವುದಕ್ಕೂ ಮುಟ್ಟುವುದಕ್ಕೂ ಇರುವ ವ್ಯತ್ಯಾಸ ಪಾತ್ರದ ಕೈಯಲ್ಲಿದೆ, ಗ್ರಂಥದಲ್ಲಿಲ್ಲ.

ಅದೇ ಪುಸ್ತಕದ ನಾರಣಪ್ಪನಿಗೆ ಚೀಟಿ ಬರೆಯಲು ಕೂತವರು ತಡವರಿಸುತ್ತಾರೆ. ಕಥೆ ಆರಂಭವಾಗುವಾಗಲೇ ಅವನು ಸತ್ತಿದ್ದಾನೆ. ಹೆಣ ಮನೆಯಲ್ಲಿ ಬಿದ್ದಿದೆ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬೇರೆಯವರ ಬಾಯಿಂದ, ಬೇರೆಯವರ ನೆನಪಿನಿಂದ. ಸಾಲಿಗ್ರಾಮ ಹೊಳೆಗೆ ಎಸೆದ, ದೇವರ ಕೊಳದ ಮೀನು ಹಿಡಿದ, ಕುಂದಾಪುರದ ಚಂದ್ರಿಯನ್ನು ತಂದು ಇಟ್ಟುಕೊಂಡ. ಅಂದರೆ ನಾಲ್ಕನೇ ಸಾಲೊಂದೇ ಸಾಕು. ನಾಲ್ಕನೇ ಸಾಲನ್ನಷ್ಟೇ ಬರೆದ ಚೀಟಿ ನಮ್ಮ ಡಬ್ಬಿಯಲ್ಲಿ ಇದೊಂದೇ. ಬೈಗುಳದಿಂದಲೇ ಕಟ್ಟಿದ ಪಾತ್ರ ಇಷ್ಟು ಜೀವಂತವಾಗಿರಲು ಕಾರಣ, ಬೈಯುವವರ ದನಿಯಲ್ಲಿ ಹೊಟ್ಟೆಕಿಚ್ಚು ಇಣುಕುವುದು.

ಪುಟ್ಟನದು ಇದಕ್ಕೆ ತಿರುಗಾಮುರುಗ. ಕಾದಂಬರಿಯ ಕೊನೆಯ ಭಾಗದಲ್ಲಿ ಎಲ್ಲಿಂದಲೋ ಬಂದು ಆಚಾರ್ಯರ ಬೆನ್ನು ಹತ್ತುವ, ಮಾಲೇರ ಜಾತಿಯ ಹುಡುಗ. ಅವನ ಚೀಟಿಯಲ್ಲಿ ನಾನು ಬರೆಯುವುದು ಐದನೇ ಸಾಲು ಮಾತ್ರ: ‘ಕೇಳದಿದ್ದರೂ ಮಾತಾಡುತ್ತಾನೆ, ದಾರಿಯಲ್ಲಿ ಒಗಟು ಒಡ್ಡುತ್ತಾನೆ, ಬೇಡ ಎಂದರೂ ಬಿಟ್ಟು ಹೋಗುವುದಿಲ್ಲ.’ ಮೇಳಿಗೆ ತೇರಿಗೆ ಒಬ್ಬಂಟಿಯಾಗಿ ಹೊರಟವರ ಪಕ್ಕದಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ ಎಂದು ನಮ್ಮ ಬಳಗದ ನಿವೃತ್ತ ಮೇಷ್ಟ್ರು ಹೇಳುವುದುಂಟು. ಅದು ನಿಜವೇ, ಆದರೆ ಪುಟ್ಟ ಉಳಿಯುವುದು ಅಷ್ಟಕ್ಕೇ ಅಲ್ಲ. ಪಕ್ಕದಲ್ಲಿರುವ ಆಚಾರ್ಯರಿಗೆ ಯಾರೊಂದಿಗೂ ಮಾತು ಬೇಡವಾಗಿರುವ ಹೊತ್ತು ಅದು. ಹರಟೆಮಲ್ಲನನ್ನು ಮೌನಿಯ ಪಕ್ಕ ಕೂರಿಸಿದಾಗಲೇ ಇಬ್ಬರೂ ಕಾಣುತ್ತಾರೆ. ಚೀಟಿಯಲ್ಲಿ ಜಾಗ ಉಳಿದರೆ ‘ಯಾರ ಪಕ್ಕ’ ಎಂದು ಒಂದು ಮಾತು ಸೇರಿಸಿ, ಬಹಳ ಉಪಯೋಗ.

‘ಮಲೆಗಳಲ್ಲಿ ಮದುಮಗಳು’ (1967) ಓದಲು ಕೂತವರಿಗೆ ಈ ಚೀಟಿ ಸಾಲದು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ. ಅದನ್ನು ನಂಬಿ ಯಾರನ್ನೂ ಗುರುತಿಟ್ಟುಕೊಳ್ಳದೆ ಹೋದರೆ ನೂರನೇ ಪುಟಕ್ಕೆ ದಾರಿ ತಪ್ಪುತ್ತದೆ. ಒಂದು ಉದ್ದ ನೋಟ್‌ಬುಕ್ಕಿನ ಎರಡು ಪುಟ ತೆರೆದು ಮನೆಯ ಲೆಕ್ಕದಲ್ಲಿ ಪಟ್ಟಿ ಹಾಕಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಸಿಂಬಾವಿಯ ಕೆಳಗೆ ಭರಮೈಹೆಗ್ಗಡೆ ಮತ್ತು ಅವರ ಆಳು ಗುತ್ತಿ. ಹಳೆಮನೆಯ ಕೆಳಗೆ ಸುಬ್ಬಣ್ಣಹೆಗ್ಗಡೆ. ಕೋಣೂರಿನ ಕೆಳಗೆ ಮುಕುಂದಯ್ಯ, ಐತ, ಪೀಂಚಲು. ಹೂವಳ್ಳಿಯ ಕೆಳಗೆ ವೆಂಕಟಣ್ಣ, ಚಿನ್ನಮ್ಮ. ಹೆಸರಿನ ಅಕ್ಷರಕ್ರಮದಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಮಲೆನಾಡಿನಲ್ಲಿ ಇವತ್ತಿಗೂ ಮನುಷ್ಯನ ಗುರುತು ಮನೆಯ ಹೆಸರಿನಿಂದ.

ಆ ಪಟ್ಟಿಯಿಂದ ಆಟಕ್ಕೆ ಬರುವಾಗ ಗುತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅವನಿಗೆ ನಾಯಿಗುತ್ತಿ ಎಂದೇ ಹೆಸರು, ಬಿಟ್ಟೂಬಿಡದೆ ಹಿಂಬಾಲಿಸುವ ಹುಲಿಯ ಎಂಬ ನಾಯಿಯ ದೆಸೆಯಿಂದ. ಎರಡನೇ ಸಾಲಿನಲ್ಲಿ ‘ನಾಯಿ’ ಎಂದು ಬರೆದರೆ ಆಟ ಅಲ್ಲಿಗೇ ಮುಗಿಯಿತು. ಇಂಥ ಪಾತ್ರಕ್ಕೆ ಸಾಲುಗಳ ಕ್ರಮ ಬದಲಿಸಿ ಪ್ರಾಣಿಯನ್ನು ಕೊನೆಗೆ ಒಯ್ಯಬೇಕು. ‘ಒಡೆಯನ ಕೆಲಸದ ಹೆಸರಿನಲ್ಲಿ ಹೊರಡುತ್ತಾನೆ, ಮನಸ್ಸಿನಲ್ಲಿರುವುದು ಹುಡುಗಿಯನ್ನು ಹಾರಿಸಿಕೊಂಡು ಬರುವುದು’ ಎಂದು ಮೊದಲು ಹೇಳಿ ನೋಡಿ. ಪುಸ್ತಕ ಓದಿದವರೂ ಒಂದು ಗಳಿಗೆ ಮುಕುಂದಯ್ಯನ ಕಡೆ ವಾಲುತ್ತಾರೆ. ಗೌಡರ ಮನೆಯ ಹುಡುಗನಿಗೂ ಜೀತದಾಳಿಗೂ ಬೇಕಾಗಿರುವುದು ಒಂದೇ, ತೆರಬೇಕಾದ ಬೆಲೆ ಬೇರೆ. ಆ ತಪ್ಪು ಉತ್ತರದಿಂದಲೇ ಒಳ್ಳೆ ಚರ್ಚೆ ಹುಟ್ಟುತ್ತದೆ, ಹಾಗಾಗಿ ತಪ್ಪು ಉತ್ತರಗಳನ್ನೂ ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು.

‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಕಷ್ಟ ಕೊಡುವವನು ಹೂವಯ್ಯ. ಓದಿದವನು, ಆದರ್ಶವಾದಿ, ಬಹಳ ಯೋಚಿಸುತ್ತಾನೆ. ಯೋಚನೆಯನ್ನು ಸುಳಿವಾಗಿ ಕೊಡಲು ಬರುವುದಿಲ್ಲ. ಅದೇ ಸುಬ್ಬಮ್ಮನನ್ನು ನೋಡಿ: ನೆಲ್ಲುಹಳ್ಳಿಯ ಬಡಮನೆಯಿಂದ ಬಂದು ಚಂದ್ರಯ್ಯಗೌಡರ ಮೂರನೇ ಹೆಂಡತಿಯಾಗಿ ದೊಡ್ಡ ಮನೆಯ ಹೆಗ್ಗಡಿತಿ ಆದವಳು. ಮೂರನೇ ಸಾಲಿಗೇ ಸಿಕ್ಕಿಬೀಳುತ್ತಾಳೆ. ನನ್ನ ಓಟು ಅವಳಿಗೇ. ಪುಸ್ತಕಕ್ಕೂ ಅವಳದ್ದೇ ಹೆಸರು ತಾನೆ.

ಇನ್ನು ಮಂದಣ್ಣ. ತೇಜಸ್ವಿಯವರ ‘ಕರ್ವಾಲೊ’ (1980) ಮೂಡಿಗೆರೆ ಕಡೆಯದ್ದು, ನಮ್ಮ ಘಟ್ಟದ ಸಾಲೇ. ಅವನ ಚೀಟಿಯನ್ನು ಪೂರ್ತಿ ಕೊಡುತ್ತೇನೆ, ಬರೆಯುವ ಕ್ರಮ ತಿಳಿಯಲಿ. ‘ಒಂದು: ಜೇನು ಹಿಡಿಯುತ್ತಾನೆ. ಎರಡು: ಜೇನುಪೆಟ್ಟಿಗೆ. ಮೂರು: ಮದುವೆಯಾಗಬೇಕು, ಅದಕ್ಕೊಂದು ನೌಕರಿ ಬೇಕು, ನೌಕರಿ ಸಿಗುವಂಥ ಓದಿಲ್ಲ. ನಾಲ್ಕು: ಯಾವ ಕೆಲಸಕ್ಕೂ ಬಾರದವನು ಅನ್ನುತ್ತಾರೆ. ಐದು: ಹೇಳಬೇಕಾದ ದೊಡ್ಡ ವಿಷಯವನ್ನು ಏನೂ ಅಲ್ಲವೆಂಬ ಹಾಗೆ ಹೇಳಿಬಿಡುತ್ತಾನೆ.’ ಬಹುಮಂದಿ ಹಿಡಿಯುವುದು ಮೂರನೇ ಮತ್ತು ನಾಲ್ಕನೇ ಸಾಲಿನ ನಡುವೆ. ಕೆಲಸಕ್ಕೆ ಬಾರದವನೆಂದು ಊರು ತೀರ್ಮಾನಿಸಿದವನನ್ನು ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗಶಾಸ್ತ್ರಜ್ಞನೆಂದು ನೋಡುತ್ತಾರೆ. ಅವರು ಹುಡುಕುತ್ತಿರುವ ಹಾರುವ ಓತಿಯನ್ನು ಕಂಡಿದ್ದವನೂ ಅವನೇ. ಮಂದಣ್ಣನಿಗೆ ಮಾತ್ರ ತನ್ನ ಬೆಲೆ ಗೊತ್ತಿಲ್ಲ, ಅವನ ಚಿಂತೆಯೆಲ್ಲ ಮದುವೆಯದ್ದೇ. ನಾಲ್ಕನೇ ಸಾಲಿಗೂ ನಿಜಕ್ಕೂ ಇಷ್ಟು ದೂರವಿದ್ದಾಗ ಪಾತ್ರ ಮರೆಯುವುದಿಲ್ಲ. ಇದನ್ನು ಬೇರೆ ಪುಸ್ತಕಗಳಿಗೂ ಒಡ್ಡಿ ನೋಡಬಹುದು. ಅದರಲ್ಲೇ ಬರುವ ಬಿರಿಯಾನಿ ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ, ಇವರಿಗೆ ಎರಡೆರಡು ಸಾಲಿನ ಚೀಟಿ ಸಾಕು. ಕಥೆ ಹೇಳುವ ‘ನಾನು’ಗೆ ಮಾತ್ರ ಚೀಟಿ ಬರೆಯಬೇಡಿ. ಚರ್ಚೆ ಎರಡು ನಿಮಿಷದಲ್ಲಿ ತೇಜಸ್ವಿಯವರ ಸ್ಕೂಟರು, ಕ್ಯಾಮರಾ, ಮೀನುಗಾಳದ ಕಡೆ ತಿರುಗಿ, ಪಾತ್ರ ಅಲ್ಲೇ ಉಳಿಯುತ್ತದೆ.

ಕೆಡುವುದು ಎಲ್ಲೆಂದರೆ, ಮುಖ್ಯವಾಗಿ ಎರಡು ಕಡೆ. ಸುಳಿವು ಕೊಡಲು ಎದ್ದವರು ಕಥೆ ಹೇಳತೊಡಗುತ್ತಾರೆ. ‘ಆಮೇಲೆ ಏನಾಯ್ತು ಅಂದ್ರೆ’ ಎಂಬ ಮಾತು ಬಂದ ಕೂಡಲೇ ತಡೆಯಬೇಕು, ಮುಲಾಜು ನೋಡಬಾರದು. ಎರಡನೆಯದು ಸಿನಿಮಾ. 1970ರ ‘ಸಂಸ್ಕಾರ’ ಚಿತ್ರ ನೋಡಿದವರಿಗೆ ಆಚಾರ್ಯರೆಂದರೆ ಗಿರೀಶ ಕಾರ್ನಾಡ, ನಾರಣಪ್ಪ ಎಂದರೆ ಲಂಕೇಶ್. ಅವರು ಕೊಡುವ ಸುಳಿವು ನಟನ ಕಣ್ಣು, ಗಡ್ಡ, ನಡಿಗೆಯದ್ದು. ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಚೀಟಿಯ ಬೆನ್ನಿಗೆ ಅಧ್ಯಾಯ ಬರೆಸುವುದು ಇದಕ್ಕೂ ಮದ್ದು. ಅಧ್ಯಾಯ ತೋರಿಸಲಾಗದ ಸಾಲನ್ನು ಹೊಡೆದುಹಾಕಬೇಕು.

ಕಾರಂತರ ಪಾತ್ರಗಳಲ್ಲಿ ಮೂಕಜ್ಜಿ ಮೊದಲ ಸಾಲಿಗೇ ಸಿಗುತ್ತಾಳೆ, ವಸ್ತು ಮುಟ್ಟಿದರೆ ಅದರ ಹಿಂದಿನದೆಲ್ಲ ಕಾಣುತ್ತದೆ ಎಂದರೆ ಮುಗಿಯಿತು. ಅದು ಸುಲಭದ ಚೀಟಿ, ಹೊಸಬರಿಗೆ ಕೊಡಿ. ‘ಬೆಟ್ಟದ ಜೀವ’ದ ಗೋಪಾಲಯ್ಯ ಹಾಗಲ್ಲ. ಅಡಕೆ ತೋಟ, ಅತಿಥಿ ಸತ್ಕಾರ, ಹೆಂಡತಿಯೊಂದಿಗೆ ಹುಸಿಜಗಳ ಎಂದರೆ ನಮ್ಮ ಕಡೆ ಪ್ರತಿ ಎರಡನೇ ಮನೆಯ ಅಜ್ಜನೂ ಅವನೇ. ಸುಳಿವು ಸಿಗುವುದು ಅವನು ಆಡದ ಮಾತಿನಲ್ಲಿ. ಮನೆ ಬಿಟ್ಟು ಹೋದ ಮಗನ ನೋವನ್ನು ಆ ನಗುವಿನ ಕೆಳಗೆ ಮುಚ್ಚಿಟ್ಟಿದ್ದಾನೆ. ಹಾಗಾಗಿ ಇಂಥವರಿಗಾಗಿ ಐದನೇ ಸಾಲನ್ನು ‘ಯಾವ ಮಾತು ಬಂದಾಗ ವಿಷಯ ಬದಲಿಸುತ್ತಾನೆ’ ಎಂದು ತಿದ್ದಿಕೊಂಡಿದ್ದೇವೆ.

ಮುಂದಿನ ಭಾನುವಾರಕ್ಕೆ ಬರೆದಿಟ್ಟಿರುವ ಚೀಟಿ ಇದು. ಬೇಕಾದರೆ ನೀವೂ ಪ್ರಯತ್ನಿಸಿ. ‘ಒಂದು: ಬುಟ್ಟಿ ಹೆಣೆಯುತ್ತಾನೆ. ಎರಡು: ಮನೆಯಲ್ಲಿ ಜೋಡಿ ಎತ್ತು, ಮಾರಲು ಮನಸ್ಸಿಲ್ಲ. ಮೂರು: ಉಳಬೇಕು, ಉಳಲು ಗೇಣು ನೆಲವಿಲ್ಲ, ಅವನಂಥವರಿಗೆ ನೆಲ ಕೊಡುವವರಿಲ್ಲ. ನಾಲ್ಕು: ಇವನಿಗ್ಯಾಕೆ ಬೇಸಾಯ ಅನ್ನುತ್ತಾರೆ.’ ಐದನೇ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಸಿಟ್ಟು ಬಂದಾಗ ಅವನು ಬಾಯಲ್ಲಿ ಮಾತಾಡುವುದಿಲ್ಲ, ಏನನ್ನು ಬಡಿಯುತ್ತಾನೆ ಎಂದು ಬರೆದರೆ ಪುಸ್ತಕದ ಹೆಸರೇ ಬಂದುಬಿಡುತ್ತದೆ.