ಕ್ಯಾಲೆಂಡರಿನ ಗೆರೆಗಳು ಮತ್ತು ಕೊಬ್ಬಿನ ಮಾತ್ರೆ

ತೀರ್ಥಹಳ್ಳಿ ಕಡೆ ನನ್ನದೊಂದು ಸಣ್ಣ ಕ್ಲಿನಿಕ್. ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಸ್ಟೆಂಟ್ ಹಾಕಿಸಿಕೊಂಡವರು ಆಮೇಲೆ ಬಿಪಿ, ಶುಗರ್ ನೋಡಿಸಿಕೊಳ್ಳಲು ಬರೋದು ನಮ್ಮಂಥವರ ಹತ್ತಿರ. ಚೀಟಿಯಲ್ಲಿ ಏಳೆಂಟು ಮಾತ್ರೆ ಇರುತ್ತವೆ. ಅದರಲ್ಲಿ ವಯಸ್ಸಾದವರು ಮೊದಲು ಬಿಡೋದು ರಕ್ತದ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್. ಊರಿನವರ ಬಾಯಲ್ಲಿ ಅದು ‘ಕೊಬ್ಬಿನ ಮಾತ್ರೆ’.

‘ರಿಪೋರ್ಟ್ ನಾರ್ಮಲ್ ಬಂತಲ್ಲ ಡಾಕ್ಟ್ರೇ, ಇನ್ಯಾಕೆ?’ ಅನ್ನೋದು ಒಂದು ಕಾರಣ. ಇದಕ್ಕೆ ರಕ್ತನಾಳದ ಚಿತ್ರ ಬರೆದು ಪಾಠ ಮಾಡಿ ಸೋತಿದ್ದೆ. ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ‘ಹೋದ ವರ್ಷ ತೋಟಕ್ಕೆ ಕೊಳೆರೋಗ ಬರಲಿಲ್ಲ ಅಂತ ಈ ಸಲ ಔಷಧಿ ಹೊಡೆಸೋದು ಬಿಡ್ತೀರಾ?’ ಅಡಿಕೆ ಬೆಳೆಯುವವರಿಗೆ ಮುಂದೆ ಹೇಳಬೇಕಾಗಿಲ್ಲ. ಇನ್ನೊಂದು ವಿಷಯ, ಲ್ಯಾಬಿನವರು ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್ 100ರ ಒಳಗಿದ್ದರೆ ಸರಿ ಅಂತ ಅಚ್ಚು ಹಾಕಿರುತ್ತಾರೆ. ಹೃದಯದ ಕಾಯಿಲೆ ಇದ್ದವರಿಗೆ ಅದು ಸಾಲದು. 70ರ ಒಳಗೆ, ಸಾಧ್ಯವಾದರೆ 55ರ ಒಳಗೆ ತರಬೇಕು.

ಎರಡನೇ ಕಾರಣ ಕಾಲುನೋವು. ಇದನ್ನು ತಳ್ಳಿಹಾಕುವ ಹಾಗಿಲ್ಲ.

77 ವರ್ಷದ ಯಜಮಾನರೊಬ್ಬರು ಅಟೊರ್ವಾಸ್ಟಾಟಿನ್ 40 ತಗೊಳ್ತಿದ್ದರು. ‘ಮೀನಖಂಡ ಹಿಡ್ಕೊಳ್ತದೆ ಮಾರಾಯ್ರೆ. ಈ ವಯಸ್ಸಿಗೆ ಇದೆಲ್ಲ ಬೇಕಾ?’ ಅಂದರು. ಪ್ರಶ್ನೆ ನ್ಯಾಯವಾದದ್ದೇ. ಪ್ರಾಸ್ಪರ್ ಅನ್ನೋ ಅಧ್ಯಯನದಲ್ಲಿ 70ರಿಂದ 82 ವರ್ಷದ 5,804 ಜನರನ್ನು ಸುಮಾರು ಮೂರು ವರ್ಷ ನೋಡಿದ್ದರು. 2002ರಲ್ಲಿ ಫಲಿತಾಂಶ ಬಂತು. ಸ್ಟಾಟಿನ್ ತಗೊಂಡವರಲ್ಲಿ ಹೃದಯಾಘಾತ ಕಡಿಮೆಯಾಗಿತ್ತು. ಅದನ್ನೇ ಹೇಳಿದೆ. ಆದರೆ ನೋಯೋದು ಅವರ ಕಾಲು, ನನ್ನದಲ್ಲವಲ್ಲ.

ಸಿಕೆ (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ), ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಎರಡೂ ಸರಿ ಇದ್ದವು. ‘ಮೂರು ವಾರ ನಿಲ್ಲಿಸೋಣ, ಬೇರೆ ಮಾತ್ರೆ ಒಂದೂ ಬಿಡಬೇಡಿ’ ಅಂದೆ. ನೋವಿದ್ದ ದಿನ ಕ್ಯಾಲೆಂಡರಿನಲ್ಲಿ ಗೆರೆ ಹಾಕಲು ಅವರ ಮನೆಯವರಿಗೆ ಹೇಳಿದೆ. ಮೂರು ವಾರ ಬಿಟ್ಟು, ಮತ್ತೆ ಮೂರು ವಾರ ಕೊಟ್ಟು ನೋಡಿದೆ.

ಆ ಅಮ್ಮ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದರು. ಮಾತ್ರೆ ಇಲ್ಲದ ವಾರಗಳಲ್ಲೂ ಗೆರೆ ಇದ್ದವು. ‘ಈ ಸಾಲು ನೋಡಿ, ಇಷ್ಟೂ ದಿನ ಇವರು ಅಡಿಕೆ ಸುಲೀತಾ ಕೂತಿದ್ರು’ ಅಂತ ಬೆರಳಿಟ್ಟು ತೋರಿಸಿದರು. ಮೆಟ್ಟುಗತ್ತಿ ಮುಂದೆ ಕಾಲು ಮಡಿಸಿ ರಾತ್ರಿ ಹತ್ತರವರೆಗೆ! ನನಗೆ ಹೊಳೆದೇ ಇರಲಿಲ್ಲ. ಲಂಡನ್ನಿನಲ್ಲೂ ಇಂಥದ್ದೇ ಪ್ರಯೋಗ ಮಾಡಿದ್ದರು, 2020ರಲ್ಲಿ ಪ್ರಕಟವಾಯಿತು. ತೊಂದರೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಔಷಧಿಯೇ ಇಲ್ಲದ ಹುಸಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಅದಲು ಬದಲು. ಸ್ಟಾಟಿನ್‌ನಲ್ಲಿ ಆದ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಆಗಿತ್ತು.

ಹಾಗಂತ ಎಲ್ಲಾ ನೋವೂ ಸುಳ್ಳಲ್ಲ. ಒಂದು ಮಳೆಗಾಲ ಅಜ್ಜಿಯೊಬ್ಬರ ಕೆಮ್ಮಿಗೆ ಕ್ಲಾರಿಥ್ರೊಮೈಸಿನ್ ಬರೆದೆ. ಅಷ್ಟು ದಿನ ಅಟೊರ್ವಾಸ್ಟಾಟಿನ್ ನಿಲ್ಲಿಸಿ ಅನ್ನಲು ಮರೆತೆ. ಆ ಆಂಟಿಬಯೋಟಿಕ್ ಇದ್ದರೆ ಲಿವರ್ ಸ್ಟಾಟಿನ್ ಅನ್ನು ಬೇಗ ಕರಗಿಸೋದಿಲ್ಲ, ರಕ್ತದಲ್ಲಿ ಅದು ಏರುತ್ತದೆ. ವಾರದೊಳಗೆ ಅಜ್ಜಿಗೆ ಮಣೆಯಿಂದ ಏಳಲಾಗಲಿಲ್ಲ, ಸಿಕೆ ಜಾಸ್ತಿಯಾಗಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಸುಧಾರಿಸಿದರು. ತಪ್ಪು ಪೂರ್ತಿ ನನ್ನದೇ.

ಯಜಮಾನರಿಗೆ ರೊಸುವಾಸ್ಟಾಟಿನ್ 10ರ ಜೊತೆ, ಕರುಳು ಕೊಲೆಸ್ಟರಾಲ್ ಹೀರದಂತೆ ತಡೆಯುವ ಎಜೆಟಿಮೈಬ್ ಕೊಟ್ಟೆ. ಸ್ಟಾಟಿನ್ ಡೋಸ್ ಎರಡು ಪಟ್ಟು ಮಾಡಿದರೂ ಎಲ್‌ಡಿಎಲ್ ಇನ್ನು ಶೇ. 6ರಷ್ಟು ಇಳಿದೀತು, ಅಷ್ಟೇ. ಈ ಜೋಡಿ ಅದಕ್ಕಿಂತ ವಾಸಿ. ಕಳೆದ ಸಲ 58 ಇತ್ತು. ಅಡಿಕೆ ಸುಲಿಯೋದು ಬಿಟ್ಟಿಲ್ಲ, ಕೂರುವ ಮಣೆ ಮಾತ್ರ ಎತ್ತರ ಮಾಡಿಸಿಕೊಂಡಿದ್ದಾರೆ.